ಒಂದೇ ಗೇಟು, ಗುಳಿಗೆಗೂ ಸೇಂದಿಗೂ

ಮಾನ್ವಿಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮವ್ವಗ ಗಾಬರಿಗಂತ ಡಾಕ್ಟರ್ ಬರೆದುಕೊಟ್ಟ ಗುಳಿಗಿನೇ ಸೇಂದಿಗೂ ಹಾಕ್ತಾರಂತ, ಖರೇ ಏನ್ರಿ? ಹಂಗಿದ್ರ ನಿಲ್ಲಿಸಿಬಿಡ್ಲೇನು?”

ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಬೇಡ, ಏಕಾಏಕಿಯಂತೂ ಖಂಡಿತ ಬೇಡ.

ಕರಾವಳಿ ಬಿಟ್ಟರೆ ಕರ್ನಾಟಕದ ಹೆಚ್ಚಿನ ಕಡೆ ಸೇಂದಿ ಮಾರಾಟ 2004ರಿಂದ ಬಂದ್. ಆದರೂ ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಸುದ್ದಿಗಳಲ್ಲಿ ‘ಸಿಎಚ್ ಪೌಡರ್ ವಶ’ ಎಂಬ ತಲೆಬರಹ ಆಗಾಗ ಕಾಣಿಸುತ್ತಲೇ ಇರುತ್ತದೆ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. ಈಚಲ ಮರದ ಮುಖವನ್ನೇ ಕಾಣದ ಈ ಸೇಂದಿಗೆ ಬೇಕಾಗಿರುವುದು ನೀರು, ಸಿಹಿಗೆ ಸ್ಯಾಕರಿನ್, ಮತ್ತಿಗೆ ಪುಡಿ. ಕೃಷ್ಣೆಯ ಆಚೆ ತೆಲಂಗಾಣದಲ್ಲಿ ಇದೇ ಕೆಲಸಕ್ಕೆ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಕೂಡ ಬಳಕೆಯಾಗುತ್ತವೆ. ಓದುಗರ ತಾಯಿಯ ಚೀಟಿಯಲ್ಲಿ 0.25 ಮಿಲಿಗ್ರಾಂ ಎಂದು ಬರೆದಿರುವುದು ಬಹುಶಃ ಇದೇ ಆಲ್‌ಪ್ರಜೋಲಾಮ್ ಇರಬೇಕು.

ಕ್ಲೋರಲ್‌ನ ಕಥೆ ನನಗೆ ಬಲು ಇಷ್ಟ. 1832ರಲ್ಲಿ ಜರ್ಮನಿಯ ಲೀಬಿಗ್ ಅದನ್ನು ತಯಾರಿಸಿದಾಗ ಅದರಿಂದ ನಿದ್ದೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 1869ರಲ್ಲಿ ಬರ್ಲಿನ್‌ನ ಆಸ್ಕರ್ ಲೀಬ್‌ರೈಕ್, ಕ್ಲೋರಲ್ ರಕ್ತಕ್ಕೆ ಸೇರಿದರೆ ಒಡೆದು ಕ್ಲೋರೋಫಾರ್ಮ್ ಆಗುತ್ತದೆ, ಹಾಗಾಗಿ ಮಲಗಿಸೀತು ಎಂದು ತರ್ಕಿಸಿ ಕೊಟ್ಟು ನೋಡಿದ. ರೋಗಿಗಳು ಮಲಗಿದರು. ತರ್ಕ ಮಾತ್ರ ತಪ್ಪು: ರಕ್ತದಲ್ಲಿ ಅಂಥದ್ದೇನೂ ನಡೆಯುವುದಿಲ್ಲ, ದೇಹ ಅದನ್ನು ಟ್ರೈಕ್ಲೋರೋಎಥನಾಲ್ ಮಾಡುತ್ತದೆ, ನಿದ್ದೆ ತರುವುದು ಅದು. ಜತೆಗೆ ಹೆಂಡವೂ ಸೇರಿದರೆ ಕೆಡುಕು ಇಮ್ಮಡಿ. ಮದ್ಯಸಾರ ಇದ್ದಾಗ ಟ್ರೈಕ್ಲೋರೋಎಥನಾಲ್ ಹೆಚ್ಚು ಹುಟ್ಟುತ್ತದೆ. ಅದು ತಿರುಗಿ ಮದ್ಯಸಾರ ಕರಗುವುದನ್ನು ತಡೆಯುತ್ತದೆ. ಒಂದರ ಬೆನ್ನಿಗೆ ಇನ್ನೊಂದು. ಹೆಚ್ಚಾದರೆ ಉಸಿರು ಕುಸಿಯುತ್ತದೆ, ಎದೆಬಡಿತದ ಲಯ ತಪ್ಪುತ್ತದೆ. ನಿದ್ದೆ ಬರಿಸುವ ಪ್ರಮಾಣಕ್ಕೂ ಜೀವ ತೆಗೆಯುವ ಪ್ರಮಾಣಕ್ಕೂ ಅಂತರ ಕಡಿಮೆಯೆಂದೇ ವೈದ್ಯರು ಇದನ್ನು ಹೆಚ್ಚುಕಡಿಮೆ ಕೈಬಿಟ್ಟರು. ಸೇಂದಿ ಬೆರೆಸುವವನಿಗೆ ತಕ್ಕಡಿಯ ಗೊಡವೆಯೇ ಇಲ್ಲ.

ಆ ಅಂತರ ಹಿಗ್ಗಿಸಿದ್ದು ಲಿಯೋ ಸ್ಟರ್ನ್‌ಬಾಕ್. ರೋಶ್ ಕಂಪನಿಯಲ್ಲಿ ಅವರು ಮಾಡಿಟ್ಟು ಮರೆತಿದ್ದ ಹರಳುಗಳು 1957ರಲ್ಲಿ ಪ್ರಯೋಗಾಲಯ ಸ್ವಚ್ಛ ಮಾಡುವಾಗ ಕೈಗೆ ಸಿಕ್ಕವು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಆಯಿತು; 1963ರಲ್ಲಿ ವ್ಯಾಲಿಯಂ, ಅಂದರೆ ಡಯಾಜೆಪಾಮ್ ಬಂತು. ಆಲ್‌ಪ್ರಜೋಲಾಮ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ‘ಚಟ ಹಿಡಿಸದ ಶಾಂತಿಗುಳಿಗೆ’ ಎಂದು ಇವನ್ನು ಹೊಗಳಿದ್ದೂ ಹೊಗಳಿದ್ದೇ. ಆ ಹೊಗಳಿಕೆ ಸುಳ್ಳೆಂದು ತಿಳಿಯಲು ಜಗತ್ತಿಗೆ ದಶಕಗಳೇ ಹಿಡಿದವು.

ಇವು ಕೆಲಸ ಮಾಡುವ ಬಗೆ ಮಾನ್ವಿಯ ರೈತರಿಗೆ ಬೇಗ ತಿಳಿದೀತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲವನ್ನು ನೆನೆಯಿರಿ. ಕಾಲುವೆಗೆ ಗೇಟು, ಗೇಟಿಗೆ ಗ್ಯಾಂಗ್‌ಮನ್. ಮಿದುಳಿನ ನರಕೋಶದ ಮೇಲೂ ಇಂಥ ಗೇಟುಗಳಿವೆ. ಅಲ್ಲಿ ಒಳಹರಿಯುವುದು ಕ್ಲೋರೈಡ್. ಅದು ಹರಿದರೆ ಕೋಶದ ತಳಮಳ ತಣಿಯುತ್ತದೆ. ಅಲ್ಲಿನ ಗ್ಯಾಂಗ್‌ಮನ್ ಗಾಬಾ ಎಂಬ ರಾಸಾಯನಿಕ. ಆಲ್‌ಪ್ರಜೋಲಾಮ್ ತಾನಾಗಿ ಗೇಟು ತೆಗೆಯುವುದಿಲ್ಲ. ಗೇಟಿನ ಪಕ್ಕ ಕೂತು, ಗ್ಯಾಂಗ್‌ಮನ್ ಕೈಹಾಕಿದಾಗ ಅದು ಮತ್ತೆ ಮತ್ತೆ ಸಲೀಸಾಗಿ ತೆರೆಯುವಂತೆ ಮಾಡುತ್ತದೆ, ಅಷ್ಟೇ. ಗ್ಯಾಂಗ್‌ಮನ್ ಇಲ್ಲದಿದ್ದರೆ ಗುಳಿಗೆಯ ಆಟ ನಡೆಯದು. ಈ ಗುಳಿಗೆಯೊಂದರಿಂದಲೇ ಸಾವು ವಿರಳವಾಗಿರುವುದಕ್ಕೆ ಕಾರಣ ಇದೇ. ಆದರೆ ಮದ್ಯ, ಕ್ಲೋರಲ್, ಟ್ರಮಡಾಲ್‌ನಂಥ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧ ಜತೆಗೂಡಿದರೆ ಆ ಮಿತಿ ಉಳಿಯುವುದಿಲ್ಲ, ಉಸಿರೇ ಮುಳುಗುತ್ತದೆ.

ವಾರಗಟ್ಟಲೆ ಗೇಟು ಹೀಗೆ ಸಲೀಸಾಗಿ ತೆರೆಯುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ, ನೀರು ಹೆಚ್ಚಾಯಿತೆಂದು ಗೇಟುಗಳನ್ನೇ ಬಿಗಿಗೊಳಿಸುತ್ತದೆ. ಆಮೇಲೆ ಹಳೆಯ ಪ್ರಮಾಣ ಸಾಲದು. ಆ ಹೊತ್ತಿನಲ್ಲಿ ಗುಳಿಗೆ ಥಟ್ಟನೆ ನಿಂತರೆ ಬಿಗಿದ ಗೇಟು ಹಾಗೇ ಉಳಿಯುತ್ತದೆ, ಹೊಲ ಒಣಗುತ್ತದೆ: ನಡುಕ, ಬೆವರು, ನಿದ್ದೆಗೇಡು, ಇಲ್ಲದ್ದು ಕಾಣುವುದು, ಕೊನೆಗೆ ಫಿಟ್ಸ್. ಆಲ್‌ಪ್ರಜೋಲಾಮ್‌ನ ಅರ್ಧ ಭಾಗ ಸುಮಾರು 11 ಗಂಟೆಯಲ್ಲಿ ದೇಹದಿಂದ ಕಳೆದುಹೋಗುವುದರಿಂದ ಇದು ಒಂದೆರಡು ದಿನದಲ್ಲೇ ಶುರುವಾಗುತ್ತದೆ. ಡಯಾಜೆಪಾಮ್ ದಿನಗಟ್ಟಲೆ ಒಳಗೇ ಉಳಿಯುತ್ತದೆ, ಹಾಗಾಗಿ ತೊಂದರೆ ಕಾಣುವುದು ತಡ.

2015ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಮುಗಿಬಿದ್ದಾಗ ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳ ಆಸ್ಪತ್ರೆಗಳಿಗೆ ಬಂದು ಬಿದ್ದ ಜನ ಸೇಂದಿ ಕುಡಿದು ಬಂದವರಲ್ಲ, ಸಿಗದೆ ಬಂದವರು. ಫಿಟ್ಸ್, ಹುಚ್ಚುಚ್ಚು ಮಾತು. ದಾಳಿ ಮಾಡುವುದು ಸರಿಯೇ; ಆದರೆ ದಾಳಿಯ ವಾರ ಆಸ್ಪತ್ರೆಯಲ್ಲಿ ಹಾಸಿಗೆ, ಡಯಾಜೆಪಾಮ್ ಎರಡೂ ಸಿದ್ಧವಿರಬೇಕು. ಈ ಫಿಟ್ಸ್‌ಗೆ ವೈದ್ಯರು ಕೊಡುವುದು ಅದೇ ಬಳಗದ ಔಷಧ, ಅಳೆದು.

ಅಳತೆಯ ಲೆಕ್ಕ ನೋಡಿ. ಒಂದು ಗ್ರಾಂ ಆಲ್‌ಪ್ರಜೋಲಾಮ್ ಅಂದರೆ 0.5 ಮಿಲಿಗ್ರಾಂನ 2,000 ಗುಳಿಗೆ. ಮಾದಕ ವಸ್ತು ಕಾಯ್ದೆಯಲ್ಲಿ 100 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ: ಎರಡು ಲಕ್ಷ ಗುಳಿಗೆ. ಅಂಥ ಪುಡಿಯನ್ನು ಬಕೆಟ್‌ಗೆ ಸುರಿದು ಕೋಲಿನಿಂದ ಕಲಕಿದರೆ ಯಾವ ಬಾಟಲಿಗೆ ಎಷ್ಟು ಹೋಯಿತೆಂದು ಸುರಿದವನಿಗೂ ತಿಳಿಯದು. ಇತ್ತ ಔಷಧದಂಗಡಿಯಲ್ಲಿ ಅದೇ ಆಲ್‌ಪ್ರಜೋಲಾಮ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು ಪುಸ್ತಕಕ್ಕೇರಬೇಕು. ಹಳೇ ಸ್ಟ್ರಿಪ್ ತೋರಿಸಿ “ಇದನ್ನೇ ಕೊಡ್ರಿ” ಅನ್ನುವ ರೂಢಿ ಈ ಗುಳಿಗೆಗೆ ಸಲ್ಲದು.

ಓದುಗರ ತಾಯಿಯ ಮಾತಿಗೆ ಬರೋಣ. ಗಾಬರಿಯ ಮೂಲ ಚಿಕಿತ್ಸೆಗೆ ಸಾಮಾನ್ಯವಾಗಿ ಬರೆಯುವುದು ಬೇರೆ ಗುಳಿಗೆ, ಅದು ಹಿಡಿಯಲು ಕೆಲವು ವಾರ ಬೇಕು. ಅಲ್ಲಿಯವರೆಗಿನ ಊರುಗೋಲು ಆಲ್‌ಪ್ರಜೋಲಾಮ್. ಎರಡರಿಂದ ನಾಲ್ಕು ವಾರ ಸಾಕು ಎಂಬುದು ಸಾಮಾನ್ಯ ಮಾತು. ತಿಂಗಳುಗಟ್ಟಲೆ ನುಂಗಿದ್ದರೆ ಪ್ರತಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ತಗ್ಗಿಸಿ ಎನ್ನುತ್ತದೆ 2025ರ ಅಮೆರಿಕದ ಮಾರ್ಗಸೂಚಿ. ಆ ಲೆಕ್ಕ ಹಾಕಬೇಕಾದವರು ವೈದ್ಯರು. ವಯಸ್ಸಾದವರು ರಾತ್ರಿ ಎದ್ದಾಗ ತೂಗಾಡಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವೂ ಇದೆ. ಬಚ್ಚಲಿನ ದೀಪ ಹಚ್ಚಿಯೇ ಇರಲಿ.

ಇನ್ನೊಂದು. “ಕುಡಿತೀರೇನು?” ಎಂದು ವೈದ್ಯರು ಕೇಳಿದರೆ “ಇಲ್ರೀ” ಅನ್ನುವವರ ಲೆಕ್ಕದಲ್ಲಿ ಸೇಂದಿ ಎಷ್ಟೋ ಸಲ ಕುಡಿತವೇ ಅಲ್ಲ. ಹಾಗಾಗಿ ವೈದ್ಯರು ಸೇಂದಿಯ ಹೆಸರು ಹಿಡಿದೇ ಕೇಳಬೇಕು. ಅವರು ಕೇಳದಿದ್ದರೆ ಮನೆಯವರೇ ಹೇಳಬೇಕು. ಹೇಳಲು ದೂರ ಹೋಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಮಾದರಿ 1980ರ ದಶಕದಲ್ಲಿ ನಿಮ್ಹಾನ್ಸ್ ಕಟ್ಟಿದ್ದು ಪಕ್ಕದ ಬಳ್ಳಾರಿಯಲ್ಲೇ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲೆಂದು ಗೊತ್ತುಮಾಡಿದ ದಿನ ಮಂಗಳವಾರ. ರಾಯಚೂರಿನಲ್ಲಿ ರಿಮ್ಸ್ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿಮಾನಸ್‌ನ 14416ಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.