ರೋಗಿಗಳಿಗಾಗಿ ಪ್ರಾರ್ಥನೆ

ಬಂಡಳ್ಳಿಯ ಸೀಮೆಯಲ್ಲಿ ಕ್ರೈಸ್ತರ ರೋಗಿಸೇವೆ ಎಂದೊಡನೆ ನೆನಪಾಗುವುದು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ. ಮದ್ದಿಗೂ ಪ್ರಾರ್ಥನೆಗೂ ವಿರೋಧವಿಲ್ಲ. ಹಾಗಾದರೆ ರೋಗಿಗಳಿಗಾಗಿ ನಡೆಸುವ ಆರಾಧನೆಯನ್ನು ಅಣಿಗೊಳಿಸುವುದು ಹೇಗೆ?

ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವೇ ಇದಕ್ಕೆ ಆಧಾರ: ಸಭೆಯ ಹಿರಿಯರು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂಬುದು ಅಲ್ಲಿಯ ವಿಧಿ. ಈ ತೈಲಲೇಪನವನ್ನು ಬಹುಕಾಲ ಮರಣಶಯ್ಯೆಗೇ ಮೀಸಲಿಟ್ಟಿದ್ದ ಕಥೋಲಿಕ ಧರ್ಮಸಭೆ, 1972ರ ಹೊಸ ವಿಧಿಯಲ್ಲಿ ಅದನ್ನು ಗಂಭೀರ ಕಾಯಿಲೆಯವರೆಲ್ಲರಿಗೂ ಸಲ್ಲಿಸಿತು.

ಕ್ರಮ ಸರಳವಾಗಿರಲಿ: ಮೌನ, ಕೀರ್ತನೆ, ವಾಚನ, ಪ್ರಾರ್ಥನೆ, ಲೇಪನ, ಸ್ತುತಿ. ಒಪ್ಪಿಗೆಯಿಲ್ಲದೆ ಯಾರ ಕಾಯಿಲೆಯನ್ನೂ ಹೆಸರಿಸಬಾರದು; ಗುಣವಾಗುವುದೆಂದು ಮಾತು ಕೊಡಬಾರದು; ಮದ್ದು ಬಿಡಿಸಬಾರದು. ಗುಣವಾಗದವನಿಗೆ ‘ನಿನ್ನ ನಂಬಿಕೆ ಸಾಲದು’ ಎಂಬ ಹೊರೆ ಹೊರಿಸಿ ಕಳುಹಿಸಿದರೆ ಆರಾಧನೆಯೇ ವ್ಯರ್ಥ. ಮರುದಿನ ಅವನ ಮನೆಗೆ ಹೋಗಿ ವಿಚಾರಿಸುವವರು ಯಾರೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು.