ಡೋಣಿ ದಡದ ಮಕ್ಕಳು

ಸಾರವಾಡದ ಬಳಿ ಹರಿಯುವ ಡೋಣಿಯ ಎರೆಭೂಮಿ ಜೋಳಕ್ಕೆ ಹೆಸರಾದುದು. ಆದರೆ ಹೊಳೆಯ ನೀರು ಸವಳು, ಕುಡಿಯಲು ಬಾರದು; ಮಳೆ ಮಿತಿಮೀರಿದರೆ ಅದೇ ಹೊಲಗಳಿಗೆ ನುಗ್ಗುತ್ತದೆ. ಹವಾಮಾನದ ಏರುಪೇರಿನಿಂದ ನೆರೆ, ಬರ ಎರಡೂ ಉಗ್ರವಾಗುತ್ತಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು.

ಬರ ಬಿದ್ದಾಗ ಈ ಜಿಲ್ಲೆಯ ಬಡ ಕುಟುಂಬಗಳು ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಹೆಸರು ಮಾತ್ರ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಅಂಗನವಾಡಿಯ ಆಹಾರವೂ ಶಾಲೆಯ ಬಿಸಿಯೂಟವೂ ಊರಲ್ಲಿಯೇ ಉಳಿಯುತ್ತವೆ. ಆ ಊಟದ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರು! ಹೊಟ್ಟೆಪಾಡಿಗೆ ಹೊರಟವರ ಮಕ್ಕಳೇ ಅನ್ನ, ಅಕ್ಷರ ಎರಡಕ್ಕೂ ಎರವಾಗುತ್ತಾರೆ.

ಅಜ್ಜಿಯಿರುವ ಮನೆಯ ಮಗು ಹೇಗೋ ಊರಲ್ಲಿ ಉಳಿದೀತು. ಯಾರೂ ಇಲ್ಲದ ಮಗು? ಶರಣಬಂಧುಗಳೇ, ನಿಮ್ಮ ಓಣಿಯಿಂದ ಗಂಟುಮೂಟೆ ಕಟ್ಟುವವರನ್ನು ಒಮ್ಮೆ ವಿಚಾರಿಸಿರಿ. ಪರೀಕ್ಷೆ ಮುಗಿಯುವವರೆಗಾದರೂ ಆ ಮಗು ನಿಮ್ಮ ಪಡಸಾಲೆಯಲ್ಲಿ ಮಲಗಲಿ.