ಕುಡಿದ ರಾತ್ರಿ ಇಳಿದ ಶುಗರ್

‘ರಾತ್ರಿ ಒಂದು ಕ್ವಾರ್ಟರ್ ತಗೊಂಡಿದ್ದೆ. ಮುಂಜಾನಿ ನೋಡಿದ್ರ ಶುಗರ್ ಎಪ್ಪತ್ತು! ಗುಳಿಗಿಗಿಂತ ಇದೇ ಛಲೋ ಅದ ನೋಡ್ರಿ.’

ಮೋರಖಂಡಿಯ ಕಟ್ಟೆಯಿಂದ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ತನಕ ನಮ್ಮ ಕಡೆ ಇಂಥ ಮಾತು ಓಡಾಡುತ್ತದೆ. ಮೀಟರ್ ತೋರಿಸಿದ ಅಂಕಿ ಸುಳ್ಳಲ್ಲ. ಅದನ್ನು ಗುಣವೆಂದು ಓದಿದ್ದೇ ತಪ್ಪು.

ಮದ್ಯದಿಂದ ಇನ್ಸುಲಿನ್ ಕೊರತೆ ನೀಗುವುದಿಲ್ಲ. ನಾವು ಮಲಗಿದಾಗ, ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಕೂಡಿಟ್ಟದ್ದನ್ನು ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ಮದ್ಯ ಒಳಗೆ ಬಂತೆಂದರೆ ಅದನ್ನು ಕರಗಿಸುವುದರಲ್ಲೇ ಲಿವರ್ ತೊಡಗುತ್ತದೆ, ಹೊಸ ಸಕ್ಕರೆಯ ತಯಾರಿ ಕುಂಠಿತವಾಗುತ್ತದೆ. ಅಂಕಿ ಇಳಿಯುವುದು ಹೀಗೆ. ಸಂಜೆ ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗಿ ನುಂಗಿ, ಇಲ್ಲವೇ ಇನ್ಸುಲಿನ್ ಚುಚ್ಚಿಕೊಂಡು, ರೊಟ್ಟಿ ಬಿಟ್ಟು ಬರೀ ಖಾರಾ ಶೇಂಗಾದ ಮೇಲೆ ಕುಡಿದವರಿಗೆ ಈ ಇಳಿತ ಜೀವಕ್ಕೇ ಕುತ್ತು. ಅಪಾಯ 24 ಗಂಟೆಯವರೆಗೂ ಇರಬಹುದು.

ಇನ್ನು ಸಿಂದಿ. ಈಚಲ ಮರದ್ದು, ಔಷಧವಿದ್ದಂತೆ ಎನ್ನುತ್ತಾರೆ. ಆಗ ತಾನೇ ಇಳಿಸಿದ ರಸ ಸಿಹಿ, ಅಂದರೆ ಸಕ್ಕರೆಯೇ. ಹುಳಿಯುತ್ತ ಹೋದಂತೆ ಆ ಸಕ್ಕರೆ ಮದ್ಯವಾಗುತ್ತದೆ. ಅರ್ಧ ಹುಳಿತದ್ದರಲ್ಲಿ ಎರಡೂ ಇರುತ್ತವೆ.

‘ವಿಸ್ಕಿಯಲ್ಲಿ ಸಕ್ಕರೆ ಇಲ್ಲವಲ್ಲ’ ಎಂಬ ವಾದವೂ ಉಂಟು. ಇಲ್ಲ, ನಿಜ. ಆದರೆ 180 ಮಿಲಿಯ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಮದ್ಯಸಾರ, 420ರಷ್ಟು ಕ್ಯಾಲೊರಿ ಇರುತ್ತದೆ. ಮೂರ್ನಾಲ್ಕು ಜೋಳದ ರೊಟ್ಟಿಗೆ ಸಮ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದಷ್ಟೂ ಇದ್ದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರಲ್ಲಿ ಮೇದೋಜೀರಕ ಗ್ರಂಥಿ ಪದೇ ಪದೇ ಉರಿಯೂತಕ್ಕೆ ಸಿಕ್ಕಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಬಹುದು. ಮದ್ದೆಂದು ಹಿಡಿದ ಗ್ಲಾಸೇ ರೋಗ ತಂದಿಡುವುದು ಇಲ್ಲಿ.

ಹಿತಮಿತವಾಗಿ ಕುಡಿದವರಿಗೆ ಮಧುಮೇಹ ಕಡಿಮೆ ಎಂದ ಅಧ್ಯಯನಗಳಿವೆ, ಮುಚ್ಚಿಡಬೇಕಿಲ್ಲ. ಆದರೆ ಈ ಕುರಿತ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪರಿಶೀಲಿಸಿದಾಗ ಆ ಲಾಭ ಕಂಡದ್ದು ಮಹಿಳೆಯರಲ್ಲಿ ಮತ್ತು ಏಷ್ಯಾದವರಲ್ಲದ ಜನರಲ್ಲಿ ಮಾತ್ರ. ನಮ್ಮ ಕಟ್ಟೆಯ ಗಂಡಸರು ಅದನ್ನು ತಮ್ಮ ಪಾಲಿಗೆ ಹಚ್ಚಿಕೊಳ್ಳುವಂತಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆಯೇ. ಶುಗರ್ ತೀರಾ ಇಳಿದವರು ತೊದಲುತ್ತಾರೆ, ತೂಗಾಡುತ್ತಾರೆ, ಬೆವರುತ್ತಾರೆ. ಬಾಯಿಂದ ವಾಸನೆ ಬಂದರೆ ಸಾಕು, ‘ಏರ್ಯಾದ, ಮಲಗಲಿ ಬಿಡ್ರಿ’ ಎಂದು ಮನೆಯವರು ಚಾದರ ಹೊದಿಸುತ್ತಾರೆ. ಶುಗರ್ ಇದ್ದವರಾದರೆ ಹಾಗೆ ಬಿಡಬೇಡಿ, ಮೀಟರ್ ಹಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಹಚ್ಚಿ, ಶುಗರ್ ಗುಳಿಗಿ ತಗೊಂಡಿದ್ದಾರೆ ಅನ್ನುವುದನ್ನು ಮೊದಲು ಹೇಳಿ.